ಎರಡು ಸಲ ಕೇಳಿದ ಪ್ರಶ್ನೆ

ಲೇಸ್ಯಾ ಹವ್ರಿಶ್‌ಗೆ ಆ ಶನಿವಾರ ಎದ್ದಾಗಿನಿಂದಲೇ ಒಂದೇ ಅಳುಕು. ಪಕ್ಷದ ನಾಯಕತ್ವಕ್ಕೆ ನಿಂತಿದ್ದ ಮೂವರು ಮಧ್ಯಾಹ್ನ ಅವರ ಊರಿಗೇ ಬರುವವರಿದ್ದರು. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ಕರ್ಲಿಂಗ್ ಆಟದ ರಿಂಕಿನ ಮೇಲಂತಸ್ತಿನ ಹಾಲ್‌ನಲ್ಲಿ ಸಭೆ. ಸದಸ್ಯರು ಯಾರು ಬೇಕಾದರೂ ಮೈಕಿನ ಮುಂದೆ ನಿಂತು ಪ್ರಶ್ನೆ ಕೇಳಬಹುದು. ಅವಳ ಗಂಡ ಓರೆಸ್ಟ್ ಕನ್ನಡಿಯೆದುರು ಟೈ ಕಟ್ಟುತ್ತಿದ್ದ, ಬಿಚ್ಚುತ್ತಿದ್ದ, ಮತ್ತೆ ಕಟ್ಟುತ್ತಿದ್ದ.

“ಈ ಸಲ ಸುಮ್ನೆ ಕೂತು ಕೇಳಿಸ್ಕೊಳ್ಳೋಣ. ಬೇರೆಯವರೂ ಸ್ವಲ್ಪ ಮಾತಾಡ್ಲಿ,” ಅಂದಳು ಲೇಸ್ಯಾ.

“ಬೇರೆಯವರಾ? ಈ ಊರಿನವರು ಬಾಯಿ ತೆಗೆಯೋದು ಪೈ ತಿನ್ನೋಕೆ ಮಾತ್ರ.”

ಅದು ಸುಳ್ಳಾಗಿರಲಿಲ್ಲ. ಓರೆಸ್ಟ್ ಊರಿನ ಗೋಧಿ ಗೋದಾಮನ್ನು ನೋಡಿಕೊಳ್ಳುತ್ತಿದ್ದವನು, ಪಕ್ಷದ ಸ್ಥಳೀಯ ಘಟಕಕ್ಕೆ ಬಹಳ ಕಾಲ ಅಧ್ಯಕ್ಷನಾಗಿದ್ದವನು. ಹಿಮ ಸುರಿಯುವಾಗಲೂ ಮನೆಮನೆ ತಿರುಗಿ ಮತ ಕೇಳಿದವನು. ಪ್ರಾಂತ್ಯದ ರಾಜಧಾನಿ ರಿಜೈನಾದಿಂದ ಯಾವ ನಾಯಕ ಬಂದರೂ ಅವನ ಪ್ರಶ್ನೆಗೆ ಬೆವರದೆ ವಾಪಸು ಹೋದದ್ದಿಲ್ಲ. ಲೇಸ್ಯಾಳ ರೀತಿಯೇ ಬೇರೆ. ಮನೆಯ ಹಿಂದಿನ ಕೋಣೆಯಲ್ಲಿ ಊರ ಹೆಂಗಸರ ಕೂದಲು ಕತ್ತರಿಸುತ್ತ ಅವರ ಗುಟ್ಟುಗಳನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು, ಒಂದನ್ನೂ ಹೊರಗೆ ಬಿಡುತ್ತಿರಲಿಲ್ಲ. ಸಭೆಯಲ್ಲಿ ಎದ್ದು ನಿಂತು ಮಾತಾಡಿದವಳಲ್ಲ.

ಈಗ ಅವಳದೇ ಒಂದು ಗುಟ್ಟಿತ್ತು. ಜೂನ್‌ನಲ್ಲಿ ಓರೆಸ್ಟ್ ಅಂಚೆ ಕಚೇರಿಗೆ ಕಾರಿನಲ್ಲಿ ಹೋದವನು ನಡೆದುಕೊಂಡು ಬಂದಿದ್ದ. ಕಾರನ್ನು ಎಂಜಿನ್ ಆರಿಸದೆ ಅಲ್ಲೇ ಬಿಟ್ಟಿದ್ದ. ಸುಗ್ಗಿಯ ಹೊತ್ತಿಗೆ ಒಂದು ದಿನ, “ಮೈರಾನ್ ಯಾಕೆ ಫೋನೇ ಮಾಡ್ತಿಲ್ಲ?” ಎಂದು ಕೇಳಿದ. ಅವನ ತಮ್ಮ ಮೈರಾನ್ ತೀರಿಕೊಂಡು ವರ್ಷಗಳಾಗಿದ್ದವು. ಅವಳು ಹೇಳಿದಾಗ, ಆಗಷ್ಟೇ ಸುದ್ದಿ ಬಂದವನಂತೆ ಅತ್ತುಬಿಟ್ಟ. ಅಂದಿನಿಂದ ಲೇಸ್ಯಾ ಮಗಳು ಡಾರಿಯಾಳ ಫೋನನ್ನು ಬೇಗ ಬೇಗ ಮುಗಿಸುತ್ತಿದ್ದಳು. ಕೂದಲು ಕತ್ತರಿಸಿಕೊಳ್ಳಲು ಬಂದವರು ಓರೆಸ್ಟ್ ಹೇಗಿದ್ದಾನೆಂದು ಕೇಳಿದರೆ, “ಗುಂಡುಕಲ್ಲಿನ ಹಾಗಿದಾನೆ” ಅನ್ನುತ್ತಿದ್ದಳು.

ಸಭೆಯ ಹಾಲ್ ಜನರಿಂದ ತುಂಬಿತ್ತು. ಕಾಫಿಯ ವಾಸನೆ, ಒದ್ದೆ ಬೂಟುಗಳ ವಾಸನೆ. ಈಗಿನ ಅಧ್ಯಕ್ಷ ವೆಂಡೆಲ್ ಬಾಗಿಲಲ್ಲೇ ಓರೆಸ್ಟ್‌ನ ಬೆನ್ನು ತಟ್ಟಿದ. “ಬಂದ್ಯಾ ಮಾರಾಯ? ಪಾಪ, ಆ ಮೂವರ ಗತಿ ಇವತ್ತು ಅಷ್ಟೇ!”

ಮಾತು ಶುರುವಾಯಿತು. ಮೊದಲು ಥಾರ್‌ಸ್ಟೈನ್ಸನ್ ಎಂಬ ವಕೀಲ. ಎಲ್ಲರೂ ಅವನೇ ಗೆಲ್ಲುವುದು ಅನ್ನುತ್ತಿದ್ದರು. ಆಮೇಲೆ ನಡೀನ್ ಕಾರ್ಡಿನಲ್, ಉತ್ತರದ ಕಡೆ ನರ್ಸ್ ಆಗಿದ್ದವಳು. ಮೂರನೆಯವನು ಒಬ್ಬ ಎಳೆಯ ರೈತ. ಲೇಸ್ಯಾಳ ಕಿವಿಗೆ ಒಂದೂ ಬೀಳಲಿಲ್ಲ. ಅವಳು ಗಂಡನ ತುಟಿಗಳನ್ನೇ ನೋಡುತ್ತಿದ್ದಳು. ಅವನು ಒಳಗೊಳಗೇ ಪ್ರಶ್ನೆಯನ್ನು ಉರು ಹೊಡೆಯುತ್ತಿದ್ದ.

ಅವನು ಎದ್ದಾಗ ಅವಳು ತಲೆ ತಗ್ಗಿಸಿದಳು. ಆದರೆ ಮೈಕಿನಲ್ಲಿ ಬಂದದ್ದು ಅದೇ ಹಳೆಯ ಕಂಚಿನ ಕಂಠ.

“ಶನಿವಾರ ಭಾನುವಾರ ನಮ್ಮೂರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬೀಗ. ಹಾಗಾದ್ರೆ ನಮ್ಮ ಎದೆನೋವಿಗೂ ಸೋಮವಾರದವರೆಗೆ ಕಾಯೋಕೆ ಹೇಳ್ಬೇಕಾ, ಸ್ವಾಮಿ?”

ಸಭೆಯೆಲ್ಲ ನಗು, ಚಪ್ಪಾಳೆ. ಥಾರ್‌ಸ್ಟೈನ್ಸನ್ ಏನೋ ಉದ್ದಕ್ಕೆ ಉತ್ತರಿಸಿದ. ಓರೆಸ್ಟ್ ಬಂದು ಕೂತ. ಲೇಸ್ಯಾ ತಲೆಯೆತ್ತಿದಳು. ಸುಮ್ಮನೆ ಹೆದರಿದೆನೇನೋ ಅನ್ನಿಸಿತು.

ಇನ್ನಿಬ್ಬರು ರಸ್ತೆಯ ಬಗ್ಗೆ, ಶಾಲೆಯ ಬಗ್ಗೆ ಕೇಳಿದರು. ಅಷ್ಟರಲ್ಲಿ ಓರೆಸ್ಟ್ ಮತ್ತೆ ಎದ್ದ. ಅವಳು ಕೋಟಿನ ತೋಳು ಹಿಡಿದಳು. “ಕೂತ್ಕೋ. ಆಗ್ಲೇ ಕೇಳಿದೀಯ.” ಅವನು ಬಿಡಿಸಿಕೊಂಡು ನಡೆದೇಬಿಟ್ಟ.

“ಶನಿವಾರ ಭಾನುವಾರ ನಮ್ಮೂರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬೀಗ...”

ಅದೇ ಮಾತು, ಅದೇ ಎದೆನೋವು, ನಗು ಬರಲೆಂದು ಅದೇ ಜಾಗದಲ್ಲಿ ನಿಲ್ಲಿಸಿದ್ದು. ಈ ಸಲ ಯಾರೂ ನಗಲಿಲ್ಲ. ಕೆಳಗೆ ಮಂಜುಗಡ್ಡೆಯ ಮೇಲೆ ಕರ್ಲಿಂಗ್ ಕಲ್ಲು ಜಾರುವ ಸದ್ದು ಮೇಲಕ್ಕೆ ಕೇಳಿಸಿತು. ಹಿಂದಿನ ಸಾಲಿನಿಂದ ಯಾರೋ ಕೂಗಿದರು: “ಸರಿಯಾದ ಉತ್ತರ ಸಿಗೋವರೆಗೂ ಬಿಡ್ಬೇಡ ಕಣೋ ಓರೆಸ್ಟ್!” ಕೆಲವರು ಚಪ್ಪಾಳೆ ತಟ್ಟಿದರು.

ಥಾರ್‌ಸ್ಟೈನ್ಸನ್‌ಗೆ ರೇಗಿತು. “ಇದಕ್ಕೆ ಆಗ್ಲೇ ಉತ್ತರ ಕೊಟ್ಟಿದೀನಲ್ಲ, ಸರ್.”

“ಯಾವಾಗ?” ಅಂದ ಓರೆಸ್ಟ್. ಸವಾಲು ಹಾಕಿದ್ದಲ್ಲ, ನಿಜವಾಗಿ ಕೇಳಿದ್ದು. ಆಮೇಲೆ ಹಿಂತಿರುಗಿ ಕುರ್ಚಿಗಳ ಕಡೆ ನೋಡಿದ. ಅವನ ಕಣ್ಣು ಲೇಸ್ಯಾಳ ಮುಖದ ಮೇಲೆ ಹಾದು, ಗುರುತಿಸದೆ, ಮುಂದಕ್ಕೆ ಹೋಯಿತು.

ಅವಳು ಎದ್ದಳು. ಅಷ್ಟು ಜನರ ನಡುವೆ ಹಾದು ಹೋಗಿ ಅವನ ತೋಳಿಗೆ ತೋಳು ಸೇರಿಸಿ ನಿಂತಳು. ಅಷ್ಟರಲ್ಲಿ ನಡೀನ್ ಕಾರ್ಡಿನಲ್ ತನ್ನ ಮೈಕನ್ನು ಹತ್ತಿರಕ್ಕೆಳೆದುಕೊಂಡಳು.

“ಅವರು ಕೇಳಿದ್ದು ನನ್ನನ್ನ ಅಂದ್ಕೊಂಡಿದೀನಿ. ನಾನಿನ್ನೂ ಉತ್ತರ ಕೊಟ್ಟಿಲ್ಲ.” ನಿಧಾನವಾಗಿ, ಓರೆಸ್ಟ್‌ನನ್ನೇ ನೋಡುತ್ತ ಉತ್ತರಿಸಿದಳು. ಅವನು ತಲೆಯಾಡಿಸುತ್ತ ಕೇಳಿದ. ಕೊನೆಯಲ್ಲಿ ಅವಳು ಲೇಸ್ಯಾಳತ್ತ ಒಮ್ಮೆ ನೋಡಿದಳು. ನರ್ಸ್‌ಗಳು ನೋಡುವ ನೋಟ. ಮೈರಾನ್ ಆಸ್ಪತ್ರೆಯಲ್ಲಿದ್ದಾಗ ಲೇಸ್ಯಾ ಅದನ್ನು ಕಂಡಿದ್ದಳು. ಜನ ನಕ್ಕಿದ್ದರೂ ಲೇಸ್ಯಾ ಆ ನೋಟಕ್ಕೆ ಹೆದರಿದಷ್ಟು ಹೆದರುತ್ತಿರಲಿಲ್ಲ.

ಸಭೆ ಮುಗಿದು ಎಲ್ಲರೂ ಕಾಫಿಗೆ ನಿಂತಾಗ ಓರೆಸ್ಟ್ ಎಂದಿನಂತೆ ಗುಂಪಿನ ನಡುವೆ ಕೈ ಬೀಸಿ ಮಾತಾಡುತ್ತಿದ್ದ. ವೆಂಡೆಲ್ ತಟ್ಟೆಯಲ್ಲಿ ಪೈ ಹಿಡಿದು ಲೇಸ್ಯಾಳ ಬಳಿ ಬಂದ. ಅವನು ಬಾಯಿ ತೆರೆಯುವ ಮೊದಲೇ ಅವಳೇ ಶುರುಮಾಡಿದಳು. “ರಾತ್ರಿ ಸರಿಯಾಗಿ ನಿದ್ದೆ ಮಾಡಿಲ್ಲ ಅವನು, ಅದಕ್ಕೇ...”

“ಲೇಸ್ಯಾ, ನಮಗೆ ಗೊತ್ತು.”

“ಏನು ಗೊತ್ತು?”

“ಜೂನ್‌ನಿಂದ ಗೊತ್ತು. ಅಂಚೆ ಕಚೇರಿ ಹತ್ರ ಅವನ ಕಾರು ಆಫ್ ಮಾಡಿ, ನೀನು ಬರೋವರೆಗೂ ದೂರದಲ್ಲಿ ಕಾಯ್ತಾ ನಿಂತಿದ್ದೋನು ನಾನೇ. ಇವತ್ತು ಹಿಂದಿನಿಂದ ಕೂಗಿದ್ದು ನಮ್ಮ ಗ್ಲೆನ್. ಬೇಕಂತಲೇ ಕೂಗಿದ್ದು. ನೀನೇ ಹೇಳ್ತೀಯ ಅಂತ ಕಾಯ್ತಿದ್ವಿ, ತಾಯಿ.”

ಅವನ ದನಿಯಲ್ಲಿ ಅಷ್ಟೊಂದು ಅಕ್ಕರೆಯಿತ್ತು. ಆದರೂ ಲೇಸ್ಯಾಳಿಗೆ ನೆಲ ಜಾರಿದಂತಾಯಿತು. ತನ್ನೊಬ್ಬಳಿಗೇ ಗೊತ್ತಿದ್ದಷ್ಟು ದಿನ ಅದು ತನ್ನ ಭಯ ಮಾತ್ರ ಆಗಿತ್ತು. ತಪ್ಪಾಗಿರಲೂಬಹುದು ಎಂದು ರಾತ್ರಿ ಹೊರಳುತ್ತ ಅಂದುಕೊಳ್ಳಬಹುದಿತ್ತು. ಈಗ ಊರೇ ನೋಡಿದೆ ಅಂದಮೇಲೆ ಅದು ನಿಜ.

“ಡಾರಿಯಾಗೆ ಹೇಳಿಲ್ಲ,” ಅಂದಳು.

“ಇವತ್ತೇ ಹೇಳು.”

ಹೇಳಿದಳು. ಡಾರಿಯಾ ಮುಂದಿನ ವಾರ ಬಂದು ಅಪ್ಪನನ್ನು ಡಾಕ್ಟರ ಬಳಿ ಕರೆದುಕೊಂಡು ಹೋದಳು. ಡಾಕ್ಟರು ಹೇಳಿದ್ದರಲ್ಲಿ ಲೇಸ್ಯಾಳಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ, ಮುಂದೇನಾಗುತ್ತದೆ ಅನ್ನುವುದೊಂದನ್ನು ಬಿಟ್ಟು. ಅದನ್ನು ಕೇಳಿಸಿಕೊಳ್ಳುವಾಗ ಅವಳು ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ನಾಯಕತ್ವ ಥಾರ್‌ಸ್ಟೈನ್ಸನ್‌ಗೇ ಸಿಕ್ಕಿತು. ಸುದ್ದಿ ಟಿವಿಯಲ್ಲಿ ಬಂದಾಗ ಓರೆಸ್ಟ್ ಸ್ವಲ್ಪ ಹೊತ್ತು ಆ ಮುಖವನ್ನು ದಿಟ್ಟಿಸಿದ. “ಇವನು ನಮ್ಮೂರಿಗೆ ಬರ್ಲಿ,” ಅಂದ. “ಒಂದು ಪ್ರಶ್ನೆ ಕೇಳೋದಿದೆ.”

“ಏನು ಕೇಳ್ತೀಯ?” ಅಂದಳು ಲೇಸ್ಯಾ.

ಅವನು ಯೋಚಿಸಿದ. ಬಹಳ ಹೊತ್ತು ಯೋಚಿಸಿದ. ಅವಳು ಅವನ ಕೈ ಹಿಡಿದುಕೊಂಡು, ಉತ್ತರ ಬರಲಿ ಎಂದು ಕಾಯುತ್ತ ಕೂತಳು.