ಬೆಳಕು ಹಾಯದ ಊತ

ಮೂರು ವರ್ಷದ ಹಿಂದಿನ ಮಾತು. ಆಗಲೂ ಈಗಿನಂತೆ ನಾನು ಶಿವಾಜಿನಗರದ ಒಂದು ಖಾಸಗಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಅಟೆಂಡರ್. ಓದಿದ್ದು ಏಳನೇ ಕ್ಲಾಸು. ಆಪರೇಷನ್ನಿಗೆ ಮೊದಲು ರೋಗಿಯ ಕೂದಲು ತೆಗೆದು, ಶುಚಿ ಮಾಡಿ, ಟೇಬಲ್ಲಿಗೆ ಸಾಗಿಸುವುದು ನನ್ನ ಕೆಲಸ. ಹದಿನೆಂಟು ವರ್ಷ ಅದನ್ನೇ ಮಾಡಿ, ಅರ್ಧ ಡಾಕ್ಟರಾಗಿದ್ದೇನೆ ಎಂಬ ಜಂಬ ಬಂದಿತ್ತು.

ತಮ್ಮ ಮಂಜುನಾಥ ಹಲಸೂರಿನ ನಮ್ಮ ಮನೆಯಲ್ಲೇ ಇದ್ದ. ಕೆ.ಆರ್. ಪುರದ ಗ್ಯಾರೇಜಿನಲ್ಲಿ ಮೆಕ್ಯಾನಿಕ್, ಮದುವೆ ನಿಶ್ಚಯವಾಗಿತ್ತು. ಒಂದು ಭಾನುವಾರ ಬಾಗಿಲು ಹಾಕಿಕೊಂಡು, ಬೀಜದ ಚೀಲದ ಬಲಗಡೆ ನಿಂಬೆಹಣ್ಣಿನಷ್ಟು ಊತ ತೋರಿಸಿದ. ನೋವಿರಲಿಲ್ಲ. ನೀರು ತುಂಬಿದ್ದರೆ ಟಾರ್ಚ್ ಹಿಡಿದಾಗ ಊತ ಕೆಂಪಗೆ ಬೆಳಗುತ್ತದೆ. ಡಾಕ್ಟರುಗಳು ಹಾಗೆ ನೋಡುವುದನ್ನು ಎಷ್ಟೋ ಸಲ ಕಂಡಿದ್ದೆ. ಕಿಟಕಿ ಮುಚ್ಚಿ ಮೊಬೈಲ್ ಟಾರ್ಚ್ ಹಿಡಿದೆ. ಬೆಳಕು ಹಾಯಲಿಲ್ಲ.

ನೀರಲ್ಲ ಎಂದು ಆಗಲೇ ಗೊತ್ತಾಯಿತು. ಆದರೆ ಕೆಲವು ತಿಂಗಳಿಂದ ಅವನು ಫೋನ್ ಬಂದರೆ ಹೊರಗೆ ಹೋಗುತ್ತಿದ್ದ, ರಜೆಯ ದಿನ ಎಲ್ಲಿಗೆಂದು ಹೇಳದೆ ಹೊರಡುತ್ತಿದ್ದ. ಕೆಟ್ಟ ಸಹವಾಸದ ರೋಗವೇ ಇದು ಎಂದುಕೊಂಡೆ. ನಮ್ಮ ಆಸ್ಪತ್ರೆಗೆ ಕರೆದೊಯ್ದರೆ ಥಿಯೇಟರಿನವರು ನಗುತ್ತಾರೆ, ಹೆಣ್ಣಿನ ಕಡೆಯವರಿಗೂ ಸುದ್ದಿ ಮುಟ್ಟುತ್ತದೆ.

"ನೀರು ಕಣೋ. ತಾನಾಗೇ ಇಳಿಯುತ್ತೆ, ಸುಮ್ನಿರು" ಅಂದೆ.

ಐದು ತಿಂಗಳಲ್ಲಿ ಅದು ಮೂಸಂಬಿಯಷ್ಟಾಯಿತು. ಅವನೇ ನಮ್ಮ ಆಸ್ಪತ್ರೆಗೆ ಬಂದು ಚೀಟಿ ಮಾಡಿಸಿದ. ಸ್ಕ್ಯಾನ್ ನೋಡಿ ಸರ್ಜನ್ ಮೇಡಂ ಎಂಆರ್‌ಐ ಬರೆದಾಗ, ಕಮಿಷನ್ನಿಗಿರಬೇಕು ಎಂದು ಅವರನ್ನೂ ಅನುಮಾನಿಸಿದೆ. ಎಂಆರ್‌ಐನಲ್ಲಿ ನೋಡಿದರೆ ಬೀಜ ಚೆನ್ನಾಗಿತ್ತು, ಅದರಿಂದ ಮೇಲೆ ಹೊಟ್ಟೆಯೊಳಕ್ಕೆ ಹೋಗುವ ನಾಳದ ಸುತ್ತಲ ಕೊಬ್ಬಿನಲ್ಲಿ ಗಡ್ಡೆ ಬೆಳೆದಿತ್ತು. ಮೊದಲು ಯಾರಿಗೆ ತೋರಿಸಿದ್ದಿರಿ ಎಂದು ಮೇಡಂ ಕೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

"ಯಾರಿಗೂ ಇಲ್ಲ ಮೇಡಂ, ನಾಚಿಕೆ ಆಯ್ತು" ಅಂದ ಮಂಜ.

ಆಪರೇಷನ್ನಿನ ದಿನ ಅಭ್ಯಾಸಬಲದಿಂದ ಚೀಲವನ್ನಷ್ಟೇ ಶುಚಿ ಮಾಡಿದ್ದೆ. ಮೇಡಂ ಬೈದು, ತೊಡೆಸಂದಿನಿಂದ ಹೊಟ್ಟೆಯವರೆಗೆ ಮಾಡಿಸಿದರು. ಚೀಲ ಕೊಯ್ದರೆ ಕ್ಯಾನ್ಸರಿನ ಕಣ ಅಲ್ಲಿನ ಚರ್ಮಕ್ಕೆ ಹರಡಬಹುದಂತೆ. ತೊಡೆಸಂದಿನಲ್ಲಿ ಕೊಯ್ದು ಗಡ್ಡೆ, ಬೀಜ, ನಾಳ ಮೂರನ್ನೂ ಒಟ್ಟಿಗೆ ತೆಗೆದರು. ಲ್ಯಾಬಿನವರು ಲೈಪೋಸಾರ್ಕೋಮಾ ಎಂದು ಬರೆದರು: ಕೊಬ್ಬಿನ ಕ್ಯಾನ್ಸರ್, ಆ ಜಾಗದಲ್ಲಿ ಬಲು ಅಪರೂಪ. ತೆಗೆದದ್ದರ ಅಂಚಿನಲ್ಲಿ ಕಣ ಇರಲಿಲ್ಲ. ಬದುಕಿಕೊಂಡ.

ವಾರ್ಡಿಗೆ ಗಂಜಿ ತಂದವಳು ಅವನಿಗೆ ನಿಶ್ಚಯವಾಗಿದ್ದ ಹುಡುಗಿ. ಮದುವೆಗೆ ಮುಂಚೆ ಎಂಬ ಸಂಕೋಚಕ್ಕೆ ಅಷ್ಟು ದಿನ ಅವನು ಕದ್ದು ಮಾತಾಡುತ್ತಿದ್ದದ್ದು ಅವಳ ಜೊತೆಗೇ. ಅವಳು ಹೋದಮೇಲೆ ಎಲ್ಲ ಒಪ್ಪಿಕೊಂಡೆ.

"ನಿನ್ನ ಅನುಮಾನ ನಂಗೆ ಆವಾಗ್ಲೇ ಗೊತ್ತಾಯ್ತಣ್ಣ" ಅಂದ. "ಮಾರನೇ ದಿನದಿಂದ ಅತ್ತಿಗೆ ಕೈಲಿ ನನ್ನ ಲೋಟ, ಟವೆಲ್ಲು ಬೇರೆ ಇಡಿಸಿದ್ಯಲ್ಲ."

ಮಂಜ ಈಗ ಹೆಂಡತಿಯ ಜೊತೆ ಕಗ್ಗದಾಸಪುರದಲ್ಲಿದ್ದಾನೆ. ಆರು ತಿಂಗಳಿಗೊಮ್ಮೆ ಸ್ಕ್ಯಾನಿಗೆ ಬಂದಾಗ ರಿಪೋರ್ಟನ್ನು ನನ್ನ ಕೈಗೆ ಕೊಡುವುದಿಲ್ಲ, ನೇರವಾಗಿ ಮೇಡಂ ಕೈಗೆ ಕೊಡುತ್ತಾನೆ. ಅದೇ ಸರಿಯಾದ ಕ್ರಮ.