ಪ್ರಸ್ಥಾನ ಇಟ್ಟ ಸೋಮವಾರ

ಶಕುನ, ರಾಹುಕಾಲ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದವನು ನಾನು. ಸ್ಟಾಫ್ ರೂಮಿನಲ್ಲಿ ಯಾರಾದರೂ ಅಂಥ ಮಾತು ತೆಗೆದರೆ ‘ಪುರಾವೆ ತನ್ನಿ, ಆಮೇಲೆ ಮಾತಾಡುವ’ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಇಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ. ಬೇರೆಯವರು ಬರೆದಿದ್ದರೆ ನಾನೂ ನಗುತ್ತಿದ್ದೆ. ಇದರಲ್ಲಿ ದೆವ್ವ ಬರುವುದಿಲ್ಲ, ಕತ್ತಲೆಯೂ ಇಲ್ಲ. ನಡೆದದ್ದೆಲ್ಲ ಹಗಲಿನಲ್ಲೇ.

ಎರಡು ಸಾವಿರದ ಮೂರು-ನಾಲ್ಕನೇ ಇಸವಿಯ ಮಾತು. ಆಗ ನಾನು ಕೋಟೇಶ್ವರದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆ. ಮೂವರು ತಂಗಿಯರ ಮದುವೆ ಮುಗಿಸುವಷ್ಟರಲ್ಲಿ ನನ್ನ ಮದುವೆಯ ಮಾತು ಹಳಸಿಹೋಗಿತ್ತು. ಶಾಲೆ ಬಿಟ್ಟು ಬಂದ ಮೇಲೆ ನಾನು ಬಾಯಿ ಬಿಡುತ್ತಿದ್ದುದು ಒಬ್ಬನ ಜೊತೆ ಮಾತ್ರ, ಹಿಂದಿನ ಹಿತ್ತಲಿನ ಮನೆಯ ಶೀನನ ಜೊತೆ. ಗಂಗೊಳ್ಳಿ ಬಂದರಿನಿಂದ ಊರೂರಿಗೆ ಮೀನು ಸಾಗಿಸುವ ಮೆಟಾಡೋರ್ ಓಡಿಸಿಕೊಂಡಿದ್ದವನು ಅವನು. ಹೆಂಡತಿ ತೀರಿಕೊಂಡು ಏಳೆಂಟು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ದಿನಾ ಸಂಜೆ ನನ್ನ ಜಗಲಿಯ ಹತ್ತಿರ ನಿಂತು ‘ಹ್ವಾಯ್ ಮಾಷ್ಟ್ರೆ, ಇದ್ರ್ಯಾ?’ ಎಂದು ಕೂಗುತ್ತಿದ್ದ. ಇಲ್ಲದೆ ನಾನು ಎಲ್ಲಿಗೆ ಹೋಗಬೇಕು! ಆದರೂ ದಿನಾ ಕೇಳುತ್ತಿದ್ದ. ಆ ಕೂಗು ಕೇಳಿದ ಮೇಲೆಯೇ ನಾನು ಚಹಾಕ್ಕೆ ನೀರಿಡುತ್ತಿದ್ದದ್ದು.

ಒಂದು ದಿನ ಶೀನ ನನ್ನ ಪಾಠದ ಪುಸ್ತಕ ಮಗುಚುತ್ತ ಗೋಳಗುಮ್ಮಟದ ಚಿತ್ರದ ಹತ್ತಿರ ನಿಂತ.

‘ಇದ್ ನೀವ್ ಕಂಡಿದ್ರ್ಯಾ ಮಾಷ್ಟ್ರೆ?’

‘ಇಲ್ಲೆ.’

‘ಕಾಣದ್ದೇ ಇಪ್ಪತ್ತೆರಡ್ ವರ್ಷ ಪಾಠ ಮಾಡ್ದ್ರ್ಯಾ? ಎಂತ ಮಾರಾಯ್ರೆ! ನಾನ್ ಐಸ್ ಹಾಕದ್ದೇ ಮೀನ್ ತಕಂಡ್ ಹೋದಂಗ್ ಆಯ್ತಲೆ!’

ನಾಚಿಕೆಯಾಯಿತು. ಅದನ್ನು ಮರೆಸಲು ಪಿಸುಮಾತಿನ ಮೊಗಸಾಲೆಯ ವಿಷಯ ಹೇಳಿದೆ. ಗುಮ್ಮಟದೊಳಗೆ ಒಂದು ಬದಿಯ ಗೋಡೆಗೆ ಬಾಯಿಟ್ಟು ಮೆಲ್ಲಗೆ ಮಾತಾಡಿದರೆ ಆಚೆ ಬದಿಯಲ್ಲಿ ನಿಂತವನಿಗೆ ಕಿವಿಯ ಹತ್ತಿರ ಹೇಳಿದಷ್ಟು ಸ್ಪಷ್ಟವಾಗಿ ಕೇಳುತ್ತದೆ ಎಂದೆ. ಶೀನ ಪುಸ್ತಕ ಮುಚ್ಚಿಟ್ಟ. ‘ಹಂಗಾರೆ ಅದ್ಕೆ ಇಬ್ರ್ ಬೇಕಲೆ. ನಾನ್ ಬತ್ತೆ, ಹೋಪ’ ಎಂದ.

ಯೋಜನೆ ಶುರುವಾದದ್ದು ಹೀಗೆ. ಅವನ ಧಣಿ ಹೊಸ ಗಾಡಿ ತೆಗೆದು ಹಳೆಯ ಮೆಟಾಡೋರನ್ನು ಇವನಿಗೇ ಬಿಟ್ಟುಕೊಟ್ಟಿದ್ದ. ಮಳೆ ಕಡಿಮೆಯಾಗುತ್ತಲೇ ಶೀನ ಅದನ್ನು ಮನೆ ಮಾಡಲು ಹೊರಟ. ಹಿಂದುಗಡೆ ಎರಡು ಹಲಗೆಯ ಮಂಚ, ಸೀಮೆಎಣ್ಣೆ ಸ್ಟೋವಿಗೊಂದು ಗೂಡು, ನೀರಿನ ಕ್ಯಾನು, ಸೊಳ್ಳೆಪರದೆ ಕಟ್ಟಲು ನಾಲ್ಕು ಮೊಳೆ. ಸೋಡಾ ಹಾಕಿ ತಿಕ್ಕಿದೆವು, ಹುಣಸೆ ಹುಳಿ ಹಾಕಿ ತಿಕ್ಕಿದೆವು, ಮೀನಿನ ವಾಸನೆ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ‘ಅಡ್ಡಿಲ್ಲೆ ಮಾಷ್ಟ್ರೆ, ಬಯಲ್‌ಸೀಮಿ ಬೆಕ್ಕೆಲ್ಲ ನಮ್ ಹಿಂದೇ ಬತ್ತೊ’ ಎನ್ನುತ್ತಿದ್ದ. ನಾನು ಶಾಲೆಯ ಭೂಪಟದ ಮೇಲೆ ತೆಳು ಕಾಗದ ಇಟ್ಟು ದಾರಿ ಬರೆದುಕೊಂಡೆ. ಬೈಂದೂರಿನಲ್ಲಿ ಚಹಾ, ಹೊನ್ನಾವರ ದಾಟಿ ಊಟ, ಹುಬ್ಬಳ್ಳಿಯಾಚೆ ಯಾವುದಾದರೂ ಮರದಡಿ ನಿದ್ದೆ. ಮರೆಮಾಚದೆ ಹೇಳುತ್ತೇನೆ, ನನ್ನ ಬದುಕಿನಲ್ಲಿ ಆ ಮೂರು ವಾರದಷ್ಟು ಸಂತೋಷ ನಾನು ಕಂಡದ್ದಿಲ್ಲ. ಪೋಸ್ಟಿನಲ್ಲಿ ತಂಗಿಗೆ ಕಾಗದ ಹಾಕುವಾಗಲೂ ‘ನಾವು’ ಎಂದು ಬರೆದಿದ್ದೆ, ‘ನಾವು ಹೊರಡುತ್ತೇವೆ’ ಎಂದು.

ಶಾಲೆಯಲ್ಲಿ ಅರ್ಧವಾರ್ಷಿಕ ಪರೀಕ್ಷೆ ಮುಗಿಯುವುದು ಮಂಗಳವಾರ. ಬುಧವಾರ ಬೆಳಿಗ್ಗೆ ಹೊರಡುವ ಎಂದೆ. ಶೀನ ಒಪ್ಪಲಿಲ್ಲ. ‘ಬುಧವಾರ ಬಡಗ್ ದಿಕ್ಕಿಗೆ ಶೂಲ. ಹೊರ್ಡುಕಾಗ.’ ಬಿಜಾಪುರ ನಮಗೆ ಬಡಗಿಗೆ, ಅಂದರೆ ಉತ್ತರಕ್ಕೆ. ಗುರುವಾರ ಎಂದರೆ ಅಮಾವಾಸ್ಯೆ. ಕೊನೆಗೆ ಅವನೇ ದಾರಿ ಹೇಳಿದ, ಸೋಮವಾರ ಪ್ರಸ್ಥಾನ ಇಟ್ಟು ಬುಧವಾರವೇ ಹೊರಡುವುದು. ಒಳ್ಳೆಯ ಗಳಿಗೆಯಲ್ಲಿ ಹೊರಡಲು ಆಗದಿದ್ದರೆ, ಹೋಗುವ ದಿಕ್ಕಿನ ಬೇರೊಬ್ಬರ ಮನೆಯಲ್ಲಿ ಆ ಗಳಿಗೆಗೆ ನಮ್ಮ ಗಂಟು ಇಟ್ಟು ಬರುವ ಕ್ರಮ ನಮ್ಮ ಕಡೆ ಇದೆ. ಇಟ್ಟರೆ ನಾವು ಹೊರಟ ಲೆಕ್ಕ. ಆಮೇಲೆ ಮೂರು ದಿನದೊಳಗೆ ಯಾವಾಗ ಹೊರಟರೂ ದೋಷವಿಲ್ಲ. ಹೊರಟೆವೆಂದು ದೇವರಿಗೇ ಟೋಪಿ ಹಾಕುವ ಉಪಾಯ ಎಂದು ನಾನು ತಮಾಷೆ ಮಾಡಿದೆ.

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ನಮ್ಮ ಮನೆಯಿಂದ ಬಡಗಿಗೆ ಮೂರನೆಯ ಮನೆಯ ಪದ್ದಕ್ಕನಲ್ಲಿಗೆ ಹೋದೆವು. ಒಂಟಿ ಹೆಂಗಸು, ಎಪ್ಪತ್ತು ದಾಟಿತ್ತು, ಇಂಥ ಶಾಸ್ತ್ರವೆಲ್ಲ ಬಾಯಿಪಾಠ. ಗಂಟು ಎಂದರೆ ನನ್ನದೊಂದು ಬಟ್ಟೆಯ ಚೀಲ. ಅದರಲ್ಲಿ ನನ್ನ ಪಂಚೆ, ಶೀನನ ಹೆಗಲ ಬೈರಾಸು, ಒಂದು ಮುಷ್ಟಿ ಅಕ್ಕಿ. ಹೊರಗಡೆ ನನ್ನ ಕೊಡೆಯನ್ನು ಸೆಣಬಿನ ಹಗ್ಗದಿಂದ ನಾನೇ ಬಿಗಿದು ಕಟ್ಟಿದ್ದೆ. ನಮ್ಮಲ್ಲಿ ಎಲ್ಲರೂ ಮಾಡುವಂತೆ ಅದರ ಮೇಲೆ ಬಿಳಿ ಪೇಂಟಿನಲ್ಲಿ ನನ್ನ ಹೆಸರಿತ್ತು. ಪದ್ದಕ್ಕ ಚೀಲವನ್ನು ಒಳಕೋಣೆಯ ಮೊಳೆಗೆ ನೇತುಹಾಕಿ ಬಾಗಿಲಿಗೆ ಬೀಗ ಹಾಕಿದರು.

‘ಇಟ್ಟಾದ್ ಮೇಲೆ ಗಂಟ್ ವಾಪಾಸ್ ಮನಿಗೆ ತರುಕಾಗ ಮಾಷ್ಟ್ರೆ. ಈಗ ನೀವಿಬ್ರೂ ಹೊರ್ಟ್ ಆಯ್ತ್.’

‘ಹೊರ್ಟವ ಈಗ ಶಾಲಿಗೆ ಹೋಯ್ಕಲೆ ಪದ್ದಕ್ಕ, ಬೆಲ್ ಆತ್ತ್’ ಎಂದು ನಕ್ಕು ನಾನು ಬಸ್ಸು ಹಿಡಿದೆ. ಶೀನ ತನ್ನ ಹಿತ್ತಲಿಗೆ ಹೋದ. ಭಾನುವಾರವೇ ಬ್ರೇಕಿನ ಕೆಲಸಕ್ಕೆಂದು ಗಾಡಿಯ ನಾಲ್ಕೂ ಚಕ್ರ ಬಿಚ್ಚಿ ಕಲ್ಲಿನ ಮೇಲೆ ಕೂರಿಸಿದ್ದ. ಸೋಮವಾರ ಸಂಜೆ ನಾನು ಬಂದಾಗಲೂ ಅದು ಹಾಗೇ ಕೂತಿತ್ತು. ಚಕ್ರ ಜೋಡಿಸಿದ್ದು ಮಂಗಳವಾರ ಬೆಳಿಗ್ಗೆ.

ಮಂಗಳವಾರ ಸಂಜೆ ‘ಹ್ವಾಯ್’ ಕೇಳಲಿಲ್ಲ. ನಾನೇ ಹಿತ್ತಲಿಗೆ ಹೋದೆ. ಮೆಟಾಡೋರಿನ ಹಿಂದಿನ ಬಾಗಿಲು ತೆರೆದಿತ್ತು. ಶೀನ ತಲೆಯಡಿ ಕೈಯಿಟ್ಟು ಹಲಗೆಯ ಮಂಚದ ಮೇಲೆ ಮಲಗಿದ್ದ. ಮಂಚ ಪರೀಕ್ಷೆ ಮಾಡುತ್ತಿದ್ದಾನೆ ಎಂದುಕೊಂಡು ನಾನು ಮೆಟ್ಟಿಲ ಮೇಲೆ ಕೂತೆ. ರಜೆ ಸಿಕ್ಕಿದ ಖುಷಿಯಲ್ಲಿ ಏನೇನೋ ಮಾತಾಡಿದೆ. ಉಪ್ಪಿನಕಾಯಿ ಮಾವಿನದ್ದು ತರುವುದೋ ಲಿಂಬೆಯದ್ದೋ ಎಂದು ಕೇಳಿದೆ. ಎರಡನೇ ಸಲ ಕೇಳಿ, ಕಾಲು ಅಲುಗಿಸಿದಾಗಲೇ ಗೊತ್ತಾದದ್ದು. ಡಾಕ್ಟರು ಹೃದಯಾಘಾತ, ಮಧ್ಯಾಹ್ನವೇ ಆಗಿದೆ ಎಂದರು. ಹತ್ತು ನಿಮಿಷ ನಾನು ಒಬ್ಬನೇ ಮಾತಾಡಿದ್ದೆ.

ಉತ್ತರಕ್ರಿಯೆ, ಬೊಜ್ಜ ಎಲ್ಲ ಮುಗಿದ ಮೇಲೆ ಶೀನನ ಬಟ್ಟೆಬರೆ, ಕಾಗದಪತ್ರ ಕೊಡಲು ಬೈಂದೂರಿನಲ್ಲಿದ್ದ ಅವನ ಅಕ್ಕನ ಮನೆಗೆ ಹೋದೆ. ತಿರುಗಿ ಬರುವಾಗ ಬಸ್ಸಿಗೆ ಹೊತ್ತಿತ್ತು. ಹೆದ್ದಾರಿಯ ಬದಿಯಲ್ಲಿ ಮಂಜಣ್ಣ ಎಂಬವರ ಚಿಕ್ಕ ಹೋಟೆಲು ಇತ್ತು. ಮೀನಿನ ಗಾಡಿ ಓಡಿಸುವಾಗ ಶೀನ ಚಹಾಕ್ಕೆ ನಿಲ್ಲಿಸುತ್ತಿದ್ದುದು ಅಲ್ಲೇ, ನನ್ನನ್ನೂ ಮೂರು ನಾಲ್ಕು ಸಲ ಕರೆದುಕೊಂಡು ಹೋಗಿದ್ದ. ಒಳಗೆ ಹೋದೆ.

‘ಹ್ವಾಯ್ ಮಾಷ್ಟ್ರೆ, ಬನ್ನಿ, ಕೂಕಣಿ. ಹ್ಯಾಂಗಿತ್ತ್ ಬಿಜಾಪುರ?’ ಎಂದರು ಮಂಜಣ್ಣ.

ಶೀನ ಮೊದಲೇ ಹೇಳಿಟ್ಟಿರಬೇಕು ಎಂದುಕೊಂಡೆ. ‘ಹೋಪುಕೆ ಆಯ್ಲಿಲ್ಲೆ’ ಎಂದೆ.

‘ಎಂತ ತಮಾಷಿ ಮಾಡ್ತ್ರಿ! ಅಮಾಸಿ ಮುಂಚಿನ ಸೋಮವಾರ ಒಂಬತ್ತೂವರಿಗೆ ಇಲ್ಲೇ ಚಾ ಕುಡ್ದ್ ಹೋಯ್ದ್ರಿ. ನಮ್ ಗ್ರೈಂಡರ್ ಕೆಟ್ಟ್ ಇಡ್ಲಿ ಇಲ್ದಿದ್ ದಿನ. ಇಬ್ರೂ ಅವಲಕ್ಕಿ ತಿಂದ್ರಿ. ಕೊಡೆ ಬೇರೆ ಮರ್ತಿಕಿ ಹೋಯ್ದ್ರಿ.’

ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕೊಡೆ ತೆಗೆದುಕೊಟ್ಟರು. ಬಿಳಿ ಪೇಂಟಿನಲ್ಲಿ ನನ್ನ ಹೆಸರು, ನನ್ನದೇ ಕೈಬರಹ. ನಾನು ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಮಂಜಣ್ಣ ಮಾತ್ರ ಹೇಳುತ್ತಲೇ ಇದ್ದರು. ‘ಎಂತ ನೆಗಿ ಮಾರಾಯ್ರೆ ನಿಮ್ಮಿಬ್ರದ್ದ್! ನೀವ್ ಹಾಂಗ್ ನೆಗಾಡುದ್ ನಾನ್ ಒಂದ್ ದಿನವೂ ಕಂಡದ್ದಿಲ್ಲೆ. ಅದಿರ್ಲಿ, ಶೀನ ಎಲ್ಲಿದ್ದ?’

ಹೇಳಿದೆ. ಅವರು ಕೈಯಲ್ಲಿದ್ದ ಲೋಟ ಮೇಜಿನ ಮೇಲಿಟ್ಟು ಕೂತುಬಿಟ್ಟರು. ಆಮೇಲೆ ಮೆಲ್ಲಗೆ, ‘ಹಂಗಾರೆ ನಾನ್ ಕಂಡದ್ದ್ ಸುಳ್ಳಾ ಮಾಷ್ಟ್ರೆ?’ ಎಂದರು. ಆ ಸೋಮವಾರ ಒಂಬತ್ತೂವರೆಗೆ ನಾನು ಶಾಲೆಯ ರಿಜಿಸ್ಟರಿಗೆ ಸಹಿ ಹಾಕಿದ್ದೇನೆ.

ಬಸ್ಸಿನಿಂದ ಇಳಿದವನು ನೇರ ಪದ್ದಕ್ಕನಲ್ಲಿಗೆ ಹೋದೆ. ಶೀನ ಹೋದ ಮೇಲೆ ಆ ಚೀಲದ ನೆನಪೂ ನನಗೆ ಬೇಡವಾಗಿತ್ತು, ಅದು ಅಲ್ಲೇ ಉಳಿದಿತ್ತು. ಪದ್ದಕ್ಕ ಸೊಂಟದ ಕೀಲಿಕೈ ತೆಗೆದು ಬಾಗಿಲು ತೆರೆದರು. ಚೀಲ ಮೊಳೆಯಲ್ಲಿತ್ತು, ಹಗ್ಗವೂ ಇತ್ತು. ನಾನು ಹಾಕಿದ ಗಂಟು ನಾನು ಹಾಕಿದ ಹಾಗೇ ಇತ್ತು. ಕೊಡೆಯ ಜಾಗದಲ್ಲಿ ಹಗ್ಗ ಬರೀ ಬಳೆಯಂತೆ ನಿಂತಿತ್ತು.

ನಾನು ಎಲ್ಲ ಹೇಳಿದೆ. ಮುದುಕಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ‘ಅದ್ರಲ್ಲಿ ಎಂತ ಇತ್ತ್? ಪ್ರಸ್ತಾನ ಇಟ್ರಿ, ಹೋದ್ರಿ’ ಎಂದು ಅಡುಗೆಮನೆಗೆ ನಡೆದರು.

ಪುರಾವೆ ಕೇಳುತ್ತಿದ್ದವನು ನಾನು, ಸುಮ್ಮನೆ ಕೂರಲಿಲ್ಲ. ಕೊಡೆಯನ್ನು ಮೊದಲೇ ಎಲ್ಲೋ ಬಿಟ್ಟಿದ್ದೆನೋ ಎಂದರೆ, ಭಾನುವಾರದ ಮಳೆಗೆ ಕೋಟೇಶ್ವರದ ಪೇಟೆಯಲ್ಲಿ ಅದನ್ನೇ ಹಿಡಿದು ನಡೆದಿದ್ದೇನೆ. ಮಂಜಣ್ಣ ದಿನ ತಪ್ಪಿದರೋ ಎಂದು ಇನ್ನೊಮ್ಮೆ ಹೋಗಿ ಗ್ರೈಂಡರ್ ರಿಪೇರಿಯವನನ್ನೂ ವಿಚಾರಿಸಿದೆ, ಅವನೂ ಸೋಮವಾರವೆಂದ. ಯಾರೋ ಕುಚೋದ್ಯ ಮಾಡಿದರು ಎನ್ನೋಣವೆಂದರೆ ಆ ಬೀಗ, ಆ ಗಂಟು. ಒಂದನ್ನು ಬಿಡಿಸಿದರೆ ಇನ್ನೊಂದು ಅಡ್ಡ ನಿಲ್ಲುತ್ತದೆ. ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ.

ನಿವೃತ್ತಿಗೆ ಮುಂಚೆ ಎರಡು ಸಲ ಶಾಲೆಯ ಪ್ರವಾಸ ಬಿಜಾಪುರಕ್ಕೆ ಹೋಯಿತು. ಕರೆದರು, ನಾನು ಹೋಗಲಿಲ್ಲ. ಈ ಕತೆ ಗೊತ್ತಿದ್ದ ಒಬ್ಬಿಬ್ಬರು ಹೆದರಿಕೆ ಎಂದು ತಿಳಿದುಕೊಂಡರು. ಹೆದರಿಕೆ ಅಲ್ಲ, ಹೇಳಲು ನಾಚಿಕೆಯಾಗುತ್ತದೆ, ಹೊಟ್ಟೆಕಿಚ್ಚು. ಬೈಂದೂರಿನಲ್ಲಿ ಶೀನನ ಎದುರು ಕೂತು ಹೊಟ್ಟೆ ತುಂಬ ನಕ್ಕವನು ಯಾರೇ ಇರಲಿ, ಅವನನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ಅವರು ಗೋಳಗುಮ್ಮಟ ಮುಟ್ಟಿದರೋ ಬಿಟ್ಟರೋ, ಅಷ್ಟು ದಾರಿಯಾದರೂ ಅವನು ಶೀನನ ಜೊತೆ ಹೋದನಲ್ಲ. ಆ ಹೊತ್ತಿಗೆ ನಾನು ಎಂಟನೇ ಕ್ಲಾಸಿನಲ್ಲಿ, ಯಾರೂ ನಕಲು ಮಾಡದ ಹಾಗೆ ನೋಡಿಕೊಂಡು, ಬೆಂಚುಗಳ ನಡುವೆ ಒಬ್ಬನೇ ಆಚೀಚೆ ನಡೆಯುತ್ತಿದ್ದೆ.