ಒಂದು ಸಂಚಿ ಗುಲಗಂಜಿ

1963ರ ಮಾರ್ಚ್ 10, ಭಾನುವಾರ ಸಂಜೆ, ಉರಿಗಾಂ ಸ್ಟೇಷನ್ನಿಗೆ ಹೋಗುವ ದಾರಿಯ ಕಾವಲು ಚೌಕಿಯಲ್ಲಿ ಈ ಅಂಕಣಕಾರನ ಕೈಚೀಲದೊಳಗೆ ಒಂದು ಸಂಚಿ ಗುಲಗಂಜಿ ಸಿಕ್ಕಿತು. ಸಂಚಿಯನ್ನು ವಶಪಡಿಸಿಕೊಳ್ಳಲಾಯಿತು. ಅಂಕಣಕಾರನನ್ನು ಬಿಟ್ಟು ಕಳಿಸಲಾಯಿತು.

ಸಂಚಿಯನ್ನು ಬಿಟ್ಟು ಅಂಕಣಕಾರನನ್ನು ಇಟ್ಟುಕೊಳ್ಳಬೇಕಿತ್ತು ಎಂಬುದು ನನ್ನ ಹೆಂಡತಿ ಸರೋಜಳ ಅಭಿಪ್ರಾಯ.

ಮೊದಲಿನಿಂದ ಹೇಳುತ್ತೇನೆ. ನನ್ನ ಎಂಟು ವರ್ಷದ ಮಗಳು ಪದ್ಮಳಿಗೆ ದಡಾರ ಬಂದಿತ್ತು. ಬಂಗಾರಪೇಟೆಯ ನಮ್ಮ ಮನೆಯ ಬಾಗಿಲಿಗೆ ಬೇವಿನ ಸೊಪ್ಪು, ಹಾಸಿಗೆಯ ಸುತ್ತ ಬೇವಿನ ಸೊಪ್ಪು, ಸ್ನಾನದ ನೀರಿಗೂ ಅದೇ. ಜ್ವರ ಬಿಟ್ಟಿತು. ಹಟ ಬಿಡಲಿಲ್ಲ. ಹೊರಗೆ ಹೋಗಬೇಡ, ಯಾರನ್ನೂ ಒಳಗೆ ಕರೆಯಬೇಡ, ಪುಸ್ತಕ ಹಿಡಿಯಬೇಡ, ಕಣ್ಣಿಗೆ ಆಯಾಸ. ಹಾಗಾದರೆ ಮಗು ಮಾಡಬೇಕಾದ್ದೇನು?

ಅಪ್ಪ ಇದ್ದಾನಲ್ಲ. ಜೋಳದ ದಂಟಿನಲ್ಲಿ ಬಂಡಿ ಮಾಡಿಕೊಟ್ಟೆ. ನನ್ನ ಕೈಯಿಂದ ಅವಳ ಕೈಗೆ ಹೋಗುವಷ್ಟರಲ್ಲಿ ಗಾಲಿ ಕಳಚಿತು. ತೆಂಗಿನ ಗರಿ ಸುತ್ತಿ ಪೀಪಿ ಮಾಡಿದೆ. ಊದಿದೆ. ಪೀಪಿ ಸದ್ದು ಮಾಡಲಿಲ್ಲ, ನಾನು ಮಾಡಿದೆ.

"ಸುಲಭ ಅಂತ ಪೇಪರ್‌ನಲ್ಲಿ ಬರ್ದಿದ್ದೆಯಲ್ಲಪ್ಪಾ?" ಎಂದಳು ಪದ್ಮ.

ಬರೆದಿದ್ದೆ. ಓದುಗರಿಗೆ ನೆನಪಿರಬಹುದು. ತಿಂಗಳ ಹಿಂದೆ ಇದೇ ಜಾಗದಲ್ಲಿ, ಹಿತ್ತಲಿಗಿಂತ ದೊಡ್ಡ ಆಟಿಕೆಯ ಅಂಗಡಿ ಇಲ್ಲ, ಹಿತ್ತಲಿಗಿಂತ ದೊಡ್ಡ ಔಷಧಾಲಯ ಇಲ್ಲ ಎಂದೆಲ್ಲ ಬರೆದೆ. ಅಳಗುಳಿಮಣೆ ಆಟವನ್ನು ಕನ್ನಡ ನಾಡಿನ ಮಕ್ಕಳು ಹುಟ್ಟುವಾಗಲೇ ಕಲಿತು ಬರುತ್ತಾರೆ ಎಂದೂ ಬರೆದೆ. (ಆ ಬರಹವನ್ನು ಮೆಚ್ಚಿದ ಓದುಗರಿಗೆ ವಂದನೆಗಳು. ಅವರು ಈ ವಾರದ ಅಂಕಣವನ್ನು ಇಲ್ಲಿಗೇ ನಿಲ್ಲಿಸಬಹುದು.)

ಅಳಗುಳಿಮಣೆ ಎಂದದ್ದೇ ಮಗಳಿಗೆ ಅದು ಬೇಕಾಯಿತು. ಅಟ್ಟದ ಮೇಲೆ ಮಣೆ ಇತ್ತು. ಗುಳಿಗಳಿಗೆ ಹಾಕುವ ಗುಲಗಂಜಿ ಇರಲಿಲ್ಲ. ಅದು ಅಜ್ಜಿಯ ಹತ್ತಿರ ಇದೆ. ಅಜ್ಜಿ, ಅಂದರೆ ನನ್ನ ಅತ್ತೆ ನಾರಾಯಣಮ್ಮ, ಉರಿಗಾಂನಲ್ಲಿ ಮಗ ಮುನಿರಾಜುವಿನ ಮನೆಯಲ್ಲಿದ್ದಾರೆ. ಮುನಿರಾಜು ಗಣಿಯ ಆಳದಲ್ಲಿ ಬಂಡೆ ಕುಸಿಯದಂತೆ ಮರದ ಆಸರೆ ನಿಲ್ಲಿಸುವ ಕೆಲಸಗಾರ. ಇರುವುದು ಗಣಿಯವರು ಕೊಟ್ಟ ಮನೆ. (ಹೆಸರು ಬದಲಿಸಿದ್ದೇನೆ. ಮನೆ ನಂಬರನ್ನು ಈ ಸಲ ಹೇಳುವುದಿಲ್ಲ.)

ಅತ್ತೆಯ ಊರು ಕ್ಯಾಸಂಬಳ್ಳಿಯ ಕಡೆ. ಹೊಲದ ಬೇಲಿಯ ಮೇಲೆ ಗುಲಗಂಜಿ ಬಳ್ಳಿ ಹಬ್ಬಿದೆ. ಊರಿಗೆ ಹೋದಾಗಲೆಲ್ಲ ಸೊಪ್ಪು, ಕಾಯಿ, ಬೇರು, ತೊಗಟೆ ಎಂದು ಗಂಟು ಕಟ್ಟಿ ತರುತ್ತಾರೆ. ಮನೆಯ ತುಂಬ ಡಬ್ಬಗಳು. ತಲೆಗೆ ಸೀಗೆಕಾಯಿ, ಬಟ್ಟೆಗೆ ಅಂಟುವಾಳ, ಮೈ ಉಷ್ಣಕ್ಕೆ ಒಣಗಿಸಿದ ತಂಗಡಿ ಹೂವು.

ಭಾನುವಾರ ಹೋದೆ. ಮೊಮ್ಮಗಳಿಗೆಂದು ಅತ್ತೆ ಒಂದು ಪುಟ್ಟ ಬಟ್ಟೆಯ ಸಂಚಿಗೆ ಗುಲಗಂಜಿ ತುಂಬಿ, ದಾರ ಎಳೆದು ಬಿಗಿದರು. ಆಮೇಲೆ ನನ್ನ ಮುಖ ನೋಡಿದರು.

"ಯಾಕೆ ಅಳಿಯಂದ್ರೇ, ಕಾಫಿ ಕುಡಿಯಾಕೂ ಮುಖ ಇಂಡ್ತೀರಲ್ಲ?"

"ಬಾಯಿ ಹುಣ್ಣು, ಅತ್ತೆ."

"ಮಾತು ಜಾಸ್ತಿ ಆಗೈತೆ, ಅದ್ಕೇಯ. ಇಗಳಿ, ಗುಲಗಂಜಿ ಸೊಪ್ಪು. ಅಗ್ದು ದವಡೇಲಿ ಇಟ್ಕಳಿ. ಬಂಗಾರಪೇಟೆ ಬರೋಗಂಟ ಬಾಯಿ ಬಿಡ್ಬ್ಯಾಡಿ. ಎಲೆ ಬಾಯಿಗೆ, ಬೀಜ ಕೈಗೆ. ಮಗೀಗೂ ಏಳಿ, ಬೀಜ ಕಚ್ಚಬಾರ್ದು, ಇಸ."

ಸೊಪ್ಪು ಸಿಹಿಯಾಗಿತ್ತು. ಹುಣ್ಣಿಗೆ ತಂಪೆನಿಸಿತು. ಹೊರಡುವಾಗ ಮುನಿರಾಜು ಬಾಗಿಲವರೆಗೆ ಬಂದು ಇನ್ನೊಂದು ಮಾತು ಸೇರಿಸಿದ.

"ಬಾವ, ಚೌಕೀಲಿ ಚೀಲ ನೋಡ್ತಾರೆ. ಏನ್ ಕೇಳಿದ್ರೂ ಊಂ ಅನ್ನಿ, ಸಾಕು."

ಒಂದೇ ಮನೆಯಲ್ಲಿ ಇಬ್ಬರು ಬಾಯಿ ಮುಚ್ಚಿಕೊಳ್ಳಲು ಹೇಳಿದರು. ಮೂರನೆಯವರೂ ಹೇಳಬೇಕಿತ್ತೇನೋ.

ಚೌಕಿಯ ಜಮಾದಾರರು ವಯಸ್ಸಾದವರು. ಸಂಚಿ ಬಿಚ್ಚಿದರು. ಕೆಂಪು ಮೈ, ಕಪ್ಪು ತಲೆ. ಗುಲಗಂಜಿ ಯಾರಿಗೆ ಗೊತ್ತಿಲ್ಲ?

"ಕುಂಡುಮಣಿ! ಕೊಳಂದೈಕ್ಕಾ ಸಾರ್?" ಎಂದರು ತಮಿಳಿನಲ್ಲಿ. ಗುಲಗಂಜಿ, ಮಗುವಿಗೇನು ಎಂದು ಕೇಳಿದ್ದು. ಸೊಪ್ಪು ತುಂಬಿದ ಬಾಯಲ್ಲಿ ಊಂ ಎಂದೆ. ಅವರು ಸಂಚಿಯ ದಾರ ಬಿಗಿದು ವಾಪಸು ಕೊಟ್ಟರು. ಒಳಗೆ ಕುರ್ಚಿಯಲ್ಲಿ ಕಾವಲಿನ ಅಧಿಕಾರಿಯೊಬ್ಬರು ಕುಳಿತಿದ್ದರು. ತಲೆ ಎತ್ತದೆಯೇ "ಏನದು?" ಎಂದರು.

"ಆಟದ ಸಾಮಾನು ಸಾರ್," ಎಂದರು ಜಮಾದಾರರು.

ಸುದ್ದಿ ಇಲ್ಲಿಗೆ ಮುಗಿಯಬೇಕಿತ್ತು.

ಆಟದ ಸಾಮಾನು. ನಿಜ. ಆದರೆ ಪೂರ್ತಿ ನಿಜವೇ? ಅರ್ಧ ಸುದ್ದಿ ತಪ್ಪು ಸುದ್ದಿಗಿಂತ ಕೆಟ್ಟದ್ದು ಎಂದು ಹೊಸದಾಗಿ ಸೇರಿದ ವರದಿಗಾರರಿಗೆ ನಾನೇ ಪಾಠ ಹೇಳುತ್ತೇನೆ. ಚೌಕಿಯ ಹೊರಗೆ ಹೋದೆ. ಸೊಪ್ಪು ಉಗುಳಿದೆ. ಮತ್ತೆ ಒಳಗೆ ಬಂದೆ. (ಓದುಗರು ಗಮನಿಸಬೇಕು. ಯಾರೂ ಕರೆಯಲಿಲ್ಲ.)

"ಆಟಕ್ಕೆ ಮಾತ್ರ ಅಲ್ಲ ಸಾರ್," ಎಂದೆ. "ಅಕ್ಕಸಾಲಿಗರು ಚಿನ್ನ ತೂಗುವುದೂ ಇದರಲ್ಲೇ. ಒಣಗಿದ ಬೀಜ ನೋಡಿ, ತೂಕ ಹೆಚ್ಚುಕಡಿಮೆ ಆಗುವುದಿಲ್ಲ. ಚೂರುಪಾರು ಚಿನ್ನಕ್ಕೆ ಇದಕ್ಕಿಂತ ಅನುಕೂಲವಾದ್ದು ಇನ್ನೊಂದಿಲ್ಲ."

ಅಧಿಕಾರಿ ತಲೆ ಎತ್ತಿದರು.

ನಾನು ಈ ಮಾತು ಆಡಿದ್ದು ಎಲ್ಲಿ? ಚಿನ್ನದ ಗಣಿಯ ಬಾಗಿಲಲ್ಲಿ. ಯಾವಾಗ? ಸರ್ಕಾರದ ಚಿನ್ನ ನಿಯಂತ್ರಣದ ಆಜ್ಞೆ ಹೊರಟು ಎರಡು ತಿಂಗಳಾಗಿ, ಚಿನ್ನ ಎಂಬ ಶಬ್ದವನ್ನೇ ಜನ ಪಿಸುಮಾತಿನಲ್ಲಿ ಆಡುತ್ತಿರುವಾಗ. ಜಮಾದಾರರು ಎರಡೂ ಕಣ್ಣು ಮುಚ್ಚಿಕೊಂಡರು.

"ಯಾರ ಮನೆಯಿಂದ ತಂದಿರಿ?" ಎಂದರು ಅಧಿಕಾರಿ.

ಬುದ್ಧಿ ಇರುವವನು ಬೇಲಿಯಿಂದ ಎನ್ನುತ್ತಿದ್ದ. ನಾನೋ ಪತ್ರಿಕೆಯವನು. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಎಲ್ಲವೂ ಮೊದಲನೆಯ ವಾಕ್ಯದಲ್ಲೇ ಬರಬೇಕು. ಬಂದವು. ಮುನಿರಾಜುವಿನ ಹೆಸರು, ತಂದೆಯ ಹೆಸರು, ಕೆಲಸ, ಶಿಫ್ಟು, ಮನೆಯ ಸಾಲು, ಮನೆ ನಂಬರು. ವಯಸ್ಸು ಕೂಡ. ವಯಸ್ಸನ್ನು ಯಾರೂ ಕೇಳಿರಲಿಲ್ಲ.

ಸಂಚಿ ಅವರ ಮೇಜಿನ ಮೇಲೆ ಉಳಿಯಿತು. ರೈಲು ಹತ್ತಿದೆ. ವರದಿ ಚೊಕ್ಕಟವಾಗಿ ಬಂತು ಎಂದೇ ಅಂದುಕೊಂಡಿದ್ದೆ.

ಮಂಗಳವಾರ ಮಧ್ಯಾಹ್ನ ಮುನಿರಾಜು ಬಂಗಾರಪೇಟೆಗೆ ಬಂದ. ಅವನು ಗಣಿಯೊಳಗೆ ಇರಬೇಕಾದ ಹೊತ್ತು. ಒಳಗೆ ಬಾ ಎಂದರೂ ಬಾರದೆ ಜಗಲಿಯ ಮೇಲೆ ಕುಳಿತ.

"ಯಾಕ್ಲಾ, ಕೆಲ್ಸಕ್ಕೆ ಓಗ್ಲಿಲ್ವಾ?" ಎಂದಳು ಸರೋಜ. (ತಮ್ಮನ ಮುಂದೆ ಅವಳ ಕನ್ನಡ ತಾನಾಗಿ ಉರಿಗಾಂಗೆ ಹೋಗುತ್ತದೆ.)

"ಕೆಳಕ್ಕೆ ಇಳಿಸ್ತಾ ಇಲ್ಲಕ್ಕಾ. ಮೇಲೇ ಕೂರ್ಸವ್ರೆ. ಇಚಾರಣೆ ಅಂತೆ."

"ಏನ್ ಮಾಡ್ದೆ?"

"ನಾನೇನೂ ಮಾಡ್ಲಿಲ್ಲ." ಅವನು ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದು ಚೆನ್ನಾಗಿ ಕಾಣುತ್ತಿತ್ತು. "ಮನೆ ಎಲ್ಲಾ ಜಾಲಾಡಿದ್ರು. ಅವ್ವನ ಡಬ್ಬ ಎಲ್ಲಾ ಸುರುವಿದ್ರು. ಅಂಟುವಾಳ ಸಿಕ್ತು. ಇದು ಯಾತಕ್ಕೆ ಅಂದ್ರು. ಬಟ್ಟೆ ಒಗ್ಯಾಕೆ ಅಂತು ಅವ್ವ. ಅಕ್ಕಸಾಲೀರು ಒಡವೆ ತೊಳ್ಯೋದೂ ಇದ್ರಾಗೇ ಅಲ್ವಾ ಅಂದ್ರು. ಉಣಸೇಹಣ್ಣು ಸಿಕ್ತು. ಇದು ಚಿನ್ನ ಬೆಳಗಾಕಾ ಅಂದ್ರು. ಅವ್ವಂಗೆ ಸಿಟ್ಟು ಬಂತು. ಉಣಸೇಹಣ್ಣು ಇಲ್ದೆ ನಿಮ್ಮನ್ಯಾಗೆ ಸಾರು ಯಂಗ್ ಮಾಡ್ತಾರೆ ಅಂತ ಜಗಳಕ್ಕೇ ನಿಂತ್ಕಂತು."

ಯೋಚಿಸಿ ನೋಡಿ. ನಮ್ಮ ಸೀಮೆಯಲ್ಲಿ ಈ ತಪಾಸಣೆಯಲ್ಲಿ ಪಾರಾಗುವ ಅಡುಗೆಮನೆ ಯಾವುದಿದೆ? ಗುಲಗಂಜಿ ಒಂದೇ ಸಿಕ್ಕಿದ್ದರೆ ಆಟ. ಅದರ ಹೆಸರಿನ ಪಕ್ಕ ಚಿನ್ನ ಎಂಬ ಶಬ್ದ ಕೂಡಿತೋ, ಸಾರಿನ ಹುಳಿಯೂ ಸಾಕ್ಷಿ. ಆ ಶಬ್ದ ಕೂಡಿಸಿದವನು ಜಗಲಿಯ ಇನ್ನೊಂದು ತುದಿಯಲ್ಲಿ ಕಂಬಕ್ಕೆ ಒರಗಿ ನಿಂತಿದ್ದ.

"ತಪ್ಪು ಅಂತ ಬಂದ್ರೆ ಕೆಲ್ಸ ಓಯ್ತದೆ," ಎಂದ ಮುನಿರಾಜು. "ಕೆಲ್ಸ ಓದ್ರೆ ಮನೆ ಖಾಲಿ ಮಾಡು ಅಂತಾರೆ. ಅವ್ವನ್ನ, ಮಕ್ಳನ್ನ ಎಲ್ಲಿಗಕ್ಕಾ ಕರ್ಕಂಡೋಗ್ಲಿ?" ಆಮೇಲೆ ನನ್ನ ಕಡೆ ತಿರುಗಿದ. "ಬಾವ, ಊಂ ಅನ್ನಿ ಸಾಕು ಅಂದಿದ್ನಲ್ಲಾ?"

"ಊಂ," ಎಂದೆ.

ಅವನು ನೀರೂ ಕುಡಿಯದೆ ಎದ್ದು ಹೋದ. ಸರೋಜ ಒಳಗಿನಿಂದ ರುಬ್ಬುಗುಂಡಿನ ಸದ್ದಿನ ನಡುವೆ ಕೇಳಿದಳು: "ಎಲ್ಲದಕ್ಕೂ ಒಂದು ಸೊಪ್ಪಿದೆ ಅಂತ ಬರೀತೀರಲ್ಲ ರೀ, ಇದಕ್ಕೆ ಯಾವ ಸೊಪ್ಪು ಅರೀಲಿ?"

ಗುರುವಾರ ಅಳಗುಳಿಮಣೆಯನ್ನು ಕಾಗದದಲ್ಲಿ ಸುತ್ತಿ (ನಮ್ಮದೇ ಪತ್ರಿಕೆ) ಕಂಕುಳಲ್ಲಿ ಇಟ್ಟುಕೊಂಡು ಉರಿಗಾಂಗೆ ಹೋದೆ. ಚೌಕಿಯ ಅದೇ ಅಧಿಕಾರಿಯ ಕಚೇರಿಯ ವರಾಂಡದಲ್ಲಿ ವಿಚಾರಣೆಗೆಂದು ಮುನಿರಾಜು ನಿಂತಿದ್ದ. ಅವನ ಪಕ್ಕದಲ್ಲಿ ಅತ್ತೆ, ಯಾರೂ ಕರೆಯದಿದ್ದರೂ ಬಂದು, ಕಂಬಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಿದ್ದರು.

ಅಧಿಕಾರಿ ಮದರಾಸಿನ ಕಡೆಯವರು. ಒರಟರಲ್ಲ. ಆದರೆ ಕೆಲಸ ಎಂದರೆ ಕೆಲಸ. ಮೇಜಿನ ಮೇಲೆ ನಮ್ಮ ಸಂಚಿ ಇತ್ತು.

"ಇದು ಆಟಕ್ಕೆ ಅಂತೀರಿ," ಎಂದರು.

"ಹೌದು ಸಾರ್. ಮಣೆಯನ್ನೂ ತಂದಿದ್ದೇನೆ."

"ಗುಡ್. ಆಡಿ ತೋರಿಸಿ."

ಮೂಲೆಯಲ್ಲಿದ್ದ ಗುಮಾಸ್ತರು ಉತ್ಸಾಹದಿಂದ ಕುರ್ಚಿ ಹತ್ತಿರ ಎಳೆದುಕೊಂಡರು. "ಇವರು ಅದರ ಮೇಲೆ ಪೇಪರ್‌ನಲ್ಲೇ ಬರ್ದಿದ್ದಾರೆ ಸಾರ್. ಬಹಳ ಚೆನ್ನಾಗಿತ್ತು."

ಈಗ ಒಂದು ಸತ್ಯಾಂಶವನ್ನು ದಾಖಲಿಸಬೇಕು. ನನಗೆ ಅಳಗುಳಿಮಣೆ ಆಡಲು ಬರುವುದಿಲ್ಲ. ಎಂದೂ ಬರುತ್ತಿರಲಿಲ್ಲ. ಅಕ್ಕಂದಿರು ನಡುಮನೆಯಲ್ಲಿ ಆಡುತ್ತಿದ್ದರು, ಹೆಂಗಸರ ಆಟವೆಂದು ನಾನು ಬೀದಿಗೆ ಓಡುತ್ತಿದ್ದೆ. ದೂರದಿಂದ ಕೇಳಿದ ಸದ್ದಿನ ಮೇಲೆ ಅಂಕಣ ಬರೆದಿದ್ದೆ.

ಮಣೆ ಬಿಚ್ಚಿದೆ. ಸಂಚಿಯಿಂದ ಬೀಜ ತೆಗೆದು, ಈ ಗುಳಿಗೆ ಒಂದು ಹಿಡಿ, ಆ ಗುಳಿಗೆ ಒಂದು ಚಿಟಿಕೆ ಎಂದು ಪ್ರಸಾದ ಹಂಚಿದಂತೆ ಹಂಚಿದೆ.

"ಎಲ್ಲ ಗುಳಿಗೂ ಒಂದೇ ಸಮ ಹಾಕ್ಬೇಕಲ್ವಾ?" ಎಂದರು ಅಧಿಕಾರಿ.

"ಅದೇ ಸಾರ್, ಹಾಕ್ತಾ ಇದ್ದೇನೆ."

ಸರಿಮಾಡಿದೆ. ಒಂದು ಗುಳಿಯದನ್ನು ಎತ್ತಿ ಒಂದೊಂದಾಗಿ ಮುಂದಕ್ಕೆ ಬಿಡುತ್ತ ಹೋದೆ. ಇಷ್ಟು ಗೊತ್ತಿತ್ತು. ಒಂದು ಖಾಲಿ ಗುಳಿಯ ಮುಂದೆ ಬಂದು ಕೈ ನಿಂತಿತು. ಬಾಗಿಲ ಕಡೆ ನೋಡಿದೆ. ವರಾಂಡದಿಂದ ಅತ್ತೆಯ ಧ್ವನಿ ಬಂತು: "ಅದ್ರ ಮುಂದ್ಲುದ್ದು ಎತ್ಕಳಿ!"

ನಾನು ಹಿಂದಿನದನ್ನು ಎತ್ತಿದೆ.

"ಅಯ್ಯೋ ಶಿವನೇ," ಎಂದರು ಅತ್ತೆ.

"ನೋ, ನೋ, ನೋ!" ಅಧಿಕಾರಿಗೆ ತಡೆಯಲಾಗಲಿಲ್ಲ. ಮೇಜು ಸುತ್ತಿ ಬಂದು ನನ್ನ ಕೈ ಪಕ್ಕಕ್ಕೆ ತಳ್ಳಿದರು. "ಖಾಲಿ ಗುಳಿ ಬಂತು, ಸರೀನಾ? ಅದರ ಮುಂದಿನ ಗುಳಿ ನಿಮಗೆ ಸೇರ್ತು. ಇಷ್ಟೂ ಗೊತ್ತಿಲ್ವಾ? ನಮ್ಮ ಪಾಟಿ, ಅಂದ್ರೆ ನಮ್ಮಜ್ಜಿ, ಇದ್ದಿದ್ರೆ ಬೆರಳಿನ ಗೆಣ್ಣಿನ ಮೇಲೆ ಕೊಡ್ತಿದ್ರು." ಬಾಗಿಲ ಕಡೆ ತಿರುಗಿ, "ಅಮ್ಮಾ, ನೀವು ಬನ್ನಿ," ಎಂದರು.

ಅತ್ತೆ ಬಂದರು. ಕುರ್ಚಿ ಬೇಡವೆಂದು ನೆಲದ ಮೇಲೇ ಕುಳಿತರು. ಅಧಿಕಾರಿಯೂ ಪ್ಯಾಂಟಿನ ಮಂಡಿ ಮೇಲೆಳೆದುಕೊಂಡು ಕೆಳಗೆ ಕುಳಿತರು. ಆಟ ನಡೆಯಿತು. ಗುಮಾಸ್ತರು ನಿಂತು ನೋಡಿದರು. ಗುಳಿ ಖಾಲಿಯಾದಾಗೆಲ್ಲ ಅತ್ತೆ ಬಾಚಿಕೊಂಡರು, ಅಧಿಕಾರಿ "ಐಯೋ" ಎಂದರು. ಮುನಿರಾಜು ಬಾಗಿಲಲ್ಲಿ ನಿಂತು, ಅವ್ವ ಒಂದು ಗುಳಿಯಾದರೂ ಸೋಲಬಾರದೇ ಎಂದು ಬೇಡುತ್ತಿರುವವನ ಹಾಗೆ ಕೈ ಹಿಸುಕಿಕೊಂಡ.

ಅವ್ವ ಸೋಲಲಿಲ್ಲ.

ಅಧಿಕಾರಿ ಎದ್ದು ಪ್ಯಾಂಟು ಕೊಡವಿಕೊಂಡರು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನೀವು ಚಿನ್ನ ತೂಗುವವರಲ್ಲ," ಎಂದರು. "ಗುಳಿಗೆ ಬೀಜ ಹಾಕೋಕೆ ಬರೋದಿಲ್ಲ, ತಕ್ಕಡಿಗೆ ಏನು ಹಾಕ್ತೀರಿ?"

ಇಷ್ಟು ವರ್ಷಗಳ ನನ್ನ ವೃತ್ತಿಯಲ್ಲಿ ನನ್ನ ತಿಳುವಳಿಕೆಯಿಂದ ಯಾರಿಗಾದರೂ ಉಪಕಾರವಾಗಿದೆಯೋ ತಿಳಿಯದು. ಅಜ್ಞಾನದಿಂದ ಆಗುವ ಲಕ್ಷಣ ಅಂದು ಮೊದಲ ಸಲ ಕಂಡಿತು. ಆದರೂ ವಿಷಯ ಮುಗಿಯಲಿಲ್ಲ. ತಮ್ಮ ಅಭಿಪ್ರಾಯವನ್ನು ಮೇಲಿನವರಿಗೆ ತಿಳಿಸಬೇಕು, ಅಲ್ಲಿಯವರೆಗೆ ಮುನಿರಾಜು ಕೆಳಗಿಳಿಯುವಂತಿಲ್ಲ, ಸೋಮವಾರ ಗೊತ್ತಾಗುತ್ತದೆ ಎಂದರು ಅಧಿಕಾರಿ.

ಹೊರಗೆ ಬಂದಾಗ ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ಹೇಳಿದರು: "ಅಳಿಯಂದ್ರೇ, ಒಂದ್ ಮಾತು. ಇದ್ನ ಪೇಪರ್‌ಗೆ ಆಕ್ಬ್ಯಾಡಿ."

"ಇಲ್ಲ ಅತ್ತೆ," ಎಂದೆ. (ಅತ್ತೆಗೆ ಓದು ಬರುವುದಿಲ್ಲ. ಓದಿ ಹೇಳುವವರು ಆ ಸಾಲಿನಲ್ಲಿ ಬೇಕಾದಷ್ಟು ಜನ ಇದ್ದಾರೆ ಎಂಬುದು ಈ ವಾಕ್ಯ ಬರೆಯುವಾಗ ಹೊಳೆಯುತ್ತಿದೆ.)

ಶುಕ್ರವಾರ, ಶನಿವಾರ, ಭಾನುವಾರ ನಮ್ಮ ಮನೆಯಲ್ಲಿ ಅಡುಗೆಯಾಯಿತು, ಊಟವಾಯಿತು, ಮಾತಾಗಲಿಲ್ಲ. ಪದ್ಮ ಹುಣಸೆಬೀಜ ಹಾಕಿಕೊಂಡು ಒಬ್ಬಳೇ ಎರಡೂ ಕಡೆಯ ಆಟ ಆಡಿದಳು. ನನ್ನನ್ನು ಜೊತೆಗೆ ಕರೆಯಲಿಲ್ಲ. ಉರಿಗಾಂ ಕಡೆಯ ರೈಲು ಕೂಗಿದಾಗೆಲ್ಲ ಸರೋಜ ಬಾಗಿಲಿಗೆ ಹೋಗಿ ಬಂದಳು.

ಸೋಮವಾರ ಬೆಳಗಿನ ಶಿಫ್ಟಿನಲ್ಲಿ ಮುನಿರಾಜುವಿನ ಹೆಸರು ಕೂಗಿದರು. ಅವನು ಕೆಳಗಿಳಿದ. ಮೇಲೆ ಬಂದ ಮೇಲೆ, ಬಂಗಾರಪೇಟೆಗೆ ಬರುತ್ತಿದ್ದವರೊಬ್ಬರ ಕೈಲಿ ಅಕ್ಕನಿಗೆ ವಿಷಯ ಹೇಳಿಕಳಿಸಿದ. ಬುಧವಾರ ಈ ಅಂಕಣ ಅಚ್ಚಿಗೆ ಹೋಗುವ ವೇಳೆಗೆ ಬಾವನಿಗೆ ಏನನ್ನೂ ಹೇಳಿಕಳಿಸಿಲ್ಲ.